ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಲ್ಲಲು ಕಲಿಯುವುದು ಹೇಗೆ

ಡಿ.ಫಾರ್ಮಾದ, ಅಂದರೆ ಫಾರ್ಮಸಿ ಡಿಪ್ಲೊಮಾದ, ಎರಡು ವರ್ಷದ ಪಾಠ ಮುಗಿಸಿದವರು ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ 500 ಗಂಟೆ ತರಬೇತಿ ಪಡೆಯಬೇಕು. ಸಾಗರದ ನಮ್ಮ ಅಂಗಡಿಗೆ ಹಾಗೆ ಬರುವವರ ಕೈಗೆ ಮೊದಲ ವಾರ ನಾನು ಗಲ್ಲಾಪೆಟ್ಟಿಗೆಯನ್ನೂ ಕೊಡುವುದಿಲ್ಲ, ವೈದ್ಯರ ಚೀಟಿಯನ್ನೂ ಕೊಡುವುದಿಲ್ಲ. ಕಪಾಟಿನ ಎದುರು ನಿಂತು ಓದಿ ಎನ್ನುತ್ತೇನೆ. ಓದಬೇಕಾದದ್ದು ಕಂಪನಿ ಇಟ್ಟ ಹೆಸರನ್ನಲ್ಲ. ಒಳಗಿರುವ ಔಷಧ ಯಾವುದು, ಎಷ್ಟು ಮಿಲಿಗ್ರಾಂ, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು. ಬೇಸರದ ಕೆಲಸ, ನಿಜ. ಆದರೆ ಶಿವಮೊಗ್ಗದ ವೈದ್ಯರು ಬರೆದ ಬಿ.ಪಿ. ಮಾತ್ರೆಯನ್ನೂ ಇಲ್ಲಿಯ ವೈದ್ಯರು ಬರೆದದ್ದನ್ನೂ ಒಟ್ಟಿಗೆ ನುಂಗುತ್ತಿರುವ ಅಜ್ಜಿ ಬಂದಾಗ, ಎರಡೂ ಶೀಟುಗಳಲ್ಲಿ ಇರುವುದು ಅಮ್ಲೋಡಿಪಿನ್ ಒಂದೇ ಎಂದು ಹೊಳೆಯುವುದು ಹೀಗೆ ಓದಿದವರಿಗೆ ಮಾತ್ರ.

ಯಾವ ಕೋರ್ಸ್ ಸೇರಬೇಕು ಎಂದು ಪಿಯುಸಿ ಮುಗಿಸಿದವರು ಕೇಳುತ್ತಾರೆ. ಸ್ವಂತ ಅಂಗಡಿ ಇಡುವ ಆಸೆಯಿದ್ದರೆ ಡಿ.ಫಾರ್ಮಾ ಸಾಕು, ಆಮೇಲೆ ಮನಸ್ಸು ಬದಲಾದರೆ ಬಿ.ಫಾರ್ಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ದಾರಿಯಿದೆ. ಕಾರ್ಖಾನೆ, ಔಷಧ ನಿಯಂತ್ರಣ ಇಲಾಖೆ ಎಂದರೆ ನಾಲ್ಕು ವರ್ಷದ ಬಿ.ಫಾರ್ಮಾ. ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಜೊತೆ ನಿಂತು ರೋಗಿಯ ಔಷಧಗಳನ್ನು ಪರಿಶೀಲಿಸುವ ಕೆಲಸ ಇಷ್ಟವಾದರೆ 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮಾ ಡಿ. ನಮ್ಮ ರಾಜ್ಯದಲ್ಲಿ ಕೊನೆಯ ಎರಡಕ್ಕೆ ಸಿಇಟಿ ಬರೆಯಬೇಕು. ಯಾವುದನ್ನೇ ಓದಿ, ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವವರೆಗೆ ನೀವು ಫಾರ್ಮಸಿಸ್ಟ್ ಅಲ್ಲ. ಸೇರುವ ಮುನ್ನ ಕಾಲೇಜಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಅದರ ಜಾಲತಾಣದಲ್ಲಿ ನೀವೇ ನೋಡಿ.

ಓದುವಾಗ ಲೆಕ್ಕವನ್ನು ಕಡೆಗಣಿಸಬೇಡಿ. ಪರೀಕ್ಷೆಗೆ ರಾಸಾಯನಿಕ ರಚನೆಗಳನ್ನು ಉರು ಹೊಡೆದು ಅಂಕ ತೆಗೆದವರೂ ಜ್ವರದ ಸಿರಪ್ಪಿನ ಮುಂದೆ ತಡವರಿಸುವುದನ್ನು ನೋಡಿದ್ದೇನೆ. ಹತ್ತು ಕಿಲೋ ತೂಕದ ಮಗುವಿಗೆ, ಕಿಲೋಗೆ 15 ಮಿಲಿಗ್ರಾಂನಂತೆ, ಒಂದು ಸಲಕ್ಕೆ 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೇಕು. ಐದು ಮಿಲಿಲೀಟರಿಗೆ 250 ಇರುವ ಸಿರಪ್ ಆದರೆ ಮೂರು ಮಿಲಿಲೀಟರ್. ಮಿಲಿಲೀಟರಿಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ. ತಾಯಿ ಹಳೆಯ ಸಿರಪ್ಪಿನ ಅಳತೆಯಲ್ಲೇ ಡ್ರಾಪ್ಸ್ ಕುಡಿಸಿದರೆ ಮಗುವಿಗೆ ಎರಡು ಪಟ್ಟು ಔಷಧ ಹೋಯಿತು. ಆದ್ದರಿಂದ ಬಾಟಲಿ ಕೊಟ್ಟು ಸುಮ್ಮನಾಗಬೇಡಿ. ಅಳತೆಯ ಮುಚ್ಚಳದಲ್ಲಿ ಆ ಗೆರೆಯನ್ನು ಪೆನ್ನಿನಿಂದ ಗುರುತು ಮಾಡಿ ಕೊಡಿ.

ಇನ್ಸುಲಿನ್ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್; ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಬರೀ ಸಿರಿಂಜ್ ಕೇಳಿ ಬಂದವರಿಗೂ "ಮನೆಯಲ್ಲಿರುವ ಬಾಟಲಿ ಯಾವುದು?" ಎಂದು ಕೇಳದೆ ಕೊಡಬೇಡಿ.

ಕೌಂಟರಿನಲ್ಲಿ ಕೇಳುವ ರೀತಿಯೂ ಒಂದು ವಿದ್ಯೆ. "ಗೊತ್ತಾಯಿತೇ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. "ಅಜ್ಜ, ಮನೆಗೆ ಹೋಗಿ ಇದನ್ನು ಹೇಗೆ ತೆಗೆದುಕೊಳ್ಳುತ್ತೀರಿ, ನನಗೊಮ್ಮೆ ಹೇಳಿ" ಎಂದು ಕೇಳಿ. ಆಗ ನಿಜ ಹೊರಬರುತ್ತದೆ. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೇ ನುಂಗುವವರು ಎಷ್ಟೋ ಮಂದಿ. ಕಾಫಿಗೆ ಅರ್ಧ ಗಂಟೆಯಾದರೂ ಮೊದಲು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಎಂದು ಹೇಳಬೇಕು. ಎದೆನೋವಿಗೆ ನಾಲಿಗೆಯಡಿ ಇಡುವ ಐಸೊಸಾರ್ಬೈಡ್ ಮಾತ್ರೆ ಕೊಡುವಾಗ ನಮ್ಮ ಮಲೆನಾಡಿನಲ್ಲಿ ಇನ್ನೊಂದು ಮಾತು ಸೇರಿಸಬೇಕು: ಬಾಯಲ್ಲಿ ಎಲೆಅಡಿಕೆಯ ಕವಳವಿದ್ದರೆ ಮೊದಲು ಉಗಿಯಿರಿ, ಕುಳಿತುಕೊಂಡೇ ಮಾತ್ರೆ ಇಟ್ಟುಕೊಳ್ಳಿ. ಇದು ಯಾವ ಪಠ್ಯಪುಸ್ತಕದಲ್ಲಿ ಬರುತ್ತದೆ, ಹೇಳಿ!

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಪ್ರಾಣವೇ ಹೋಗಬಹುದು. ಚೀಟಿಯಲ್ಲಿ "ದಿನಕ್ಕೊಂದು" ಎಂದು ಕಂಡರೆ, ಅಕ್ಷರ ಅರ್ಥವಾಗದಿದ್ದರೆ, ಊಹಿಸಬೇಡಿ, ವೈದ್ಯರಿಗೆ ಫೋನ್ ಮಾಡಿ. ತಪ್ಪು ಹುಡುಕುವ ದನಿ ಬೇಡ: "ಸರ್, ನೀವು ಬರೆದದ್ದು ವಾರಕ್ಕೊಮ್ಮೆ ತಾನೇ? ಯಾವ ದಿನ ಎಂದು ಹೇಳಲಿ?" ಎಂದರೆ ಸಾಕು. ಆ ದಿನದ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಶೀಟಿನ ಮೇಲೆ ಬರೆದು ಕೊಡಿ. ಕೆಲವರು ರೇಗುತ್ತಾರೆ. ರೇಗಲಿ.

ನೆಗಡಿಗೆ ಎರಡು ಆ್ಯಂಟಿಬಯಾಟಿಕ್ ಮಾತ್ರೆ ಕೇಳಿ ಬರುವವರಿಗೆ ಕಾನೂನು ಬೋಧಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ. "ನೆಗಡಿ ವೈರಸ್ಸಿನಿಂದ ಬರುವುದು, ಇದು ಅದಕ್ಕೆ ತಾಗುವುದಿಲ್ಲ, ಜ್ವರ ಮೂರು ದಿನ ಬಿಡದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ವೈದ್ಯರಲ್ಲಿಗೆ ಹೋಗಿ" ಎನ್ನಿ. ಆದರೂ ಕಾನೂನು ನಿಮಗೆ ಗೊತ್ತಿರಲೇಬೇಕು. ಕೆಲವು ಆ್ಯಂಟಿಬಯಾಟಿಕ್, ಕ್ಷಯದ ಔಷಧ, ಚಟ ಹಿಡಿಸುವ ಔಷಧಗಳಿರುವ, 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧ ಕೊಟ್ಟರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಒಟ್ಟಿಗೆ ಬರೆಯುತ್ತೇನೆ ಎನ್ನಬೇಡಿ, ಆಗಿಂದಾಗ್ಗೆ ಬರೆಯಿರಿ.

ಮಳೆಗಾಲದಲ್ಲಿ ಫ್ರಿಜ್ಜಿನ ಮೇಲೆ ಕಣ್ಣಿರಲಿ. ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಕರೆಂಟ್ ಹೋಯಿತೆಂದು ಫ್ರೀಜರಿಗೆ ಹಾಕುವವರಿದ್ದಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯುವುದಕ್ಕೇ ಸೈ.

ಓದು ಮುಗಿದ ಕೂಡಲೇ ಯಾರಾದರೂ ಬಂದು "ಸರ್ಟಿಫಿಕೇಟ್ ಕೊಡಿ, ತಿಂಗಳಿಗೆ ಇಷ್ಟು ಬಾಡಿಗೆ ಕೊಡುತ್ತೇನೆ, ನೀವು ಬರುವುದೇ ಬೇಡ" ಎನ್ನುತ್ತಾರೆ. ಕೊಡಬೇಡಿ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. ಅಲ್ಲಿ ನೀವಿಲ್ಲದಾಗ ಮೆಥೊಟ್ರೆಕ್ಸೇಟ್ ಶೀಟನ್ನು ಏನೂ ಹೇಳದೆ ದಾಟಿಸುವವನ ಬೆನ್ನ ಹಿಂದಿನ ಗೋಡೆಯಲ್ಲಿ ತೂಗುವುದು ನಿಮ್ಮದೇ ಹೆಸರು.

ಇನ್ನೊಂದು: ಮಾತ್ರೆ ತಿಂದ ಮೇಲೆ ಮೈಮೇಲೆ ಗಂಧೆ ಎದ್ದಿತು, ತುಟಿ ಊದಿತು ಎಂದು ಯಾರಾದರೂ ಬಂದರೆ ಬರೀ ಅಲರ್ಜಿ ಮಾತ್ರೆ ಕೊಟ್ಟು ಕಳುಹಿಸಬೇಡಿ. ಉಸಿರು ಕಟ್ಟುತ್ತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಸಾಗಿಸಿ. ಇಲ್ಲದಿದ್ದರೆ ಔಷಧದ ಹೆಸರು, ಬ್ಯಾಚ್ ಸಂಖ್ಯೆ ಬರೆದುಕೊಂಡು, ವೈದ್ಯರಲ್ಲಿಗೆ ಕಳುಹಿಸಿ, ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ವರದಿ ಮಾಡಿ. ಕರೆಗೆ ದುಡ್ಡಿಲ್ಲ.