ಥ್ಯಾಂಕ್ಸ್‌ಗಿವಿಂಗ್ ಪೈ: ಕಣಕ ಸೋಮವಾರ, ಓವನ್ ಬುಧವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಅಂದರೆ ನವೆಂಬರ್ ತಿಂಗಳ ನಾಲ್ಕನೇ ಗುರುವಾರ, ಅಮೆರಿಕದ ಅಡುಗೆಮನೆಗಳಲ್ಲಿ ಓವನ್‌ಗೆ ಬಿಡುವಿರುವುದಿಲ್ಲ. ಟರ್ಕಿ ಕೋಳಿ ಒಳಗೆ ಹೋದರೆ ಮೂರ್ನಾಲ್ಕು ಗಂಟೆ ಹೊರಗೆ ಬರುವುದಿಲ್ಲ. ಅದು ಬಂದ ಕೂಡಲೇ ಸ್ಟಫಿಂಗ್, ಗೆಣಸಿನ ಕ್ಯಾಸರೋಲ್, ಡಿನ್ನರ್ ರೋಲ್ ಎಲ್ಲವೂ ಸರದಿಯಲ್ಲಿ ಕಾದಿರುತ್ತವೆ. ಕಣಕದ ಕವಚದೊಳಗೆ ಹೂರಣ ತುಂಬಿ ಬೇಯಿಸುವ ಪೈಗೆ ಆ ದಿನ ಜಾಗ ಸಿಗುವುದು ಕಷ್ಟ. ಸಿಕ್ಕರೂ ಪ್ರಯೋಜನ ಕಡಿಮೆ: ಬಿಸಿಬಿಸಿ ಪೈ ಕತ್ತರಿಸಿದರೆ ಹೂರಣ ತಟ್ಟೆ ತುಂಬ ಹರಿಯುತ್ತದೆ. ಪೈ ಕೆಡುವುದು ಬಹುಮಟ್ಟಿಗೆ ಎರಡು ಕಡೆ. ಓವನ್‌ಗೆ ಹೋಗುವ ಮೊದಲು ಕಣಕ ಸಾಕಷ್ಟು ತಣ್ಣಗಿರುವುದಿಲ್ಲ, ಹೊರಗೆ ಬಂದ ಮೇಲೆ ಹೂರಣ ಗಟ್ಟಿಯಾಗಲು ಸಮಯ ಸಿಗುವುದಿಲ್ಲ. ಸೋಮವಾರ ಕಣಕ ಮಾಡಿಟ್ಟು ಬುಧವಾರ ಬೇಯಿಸಿದರೆ ಎರಡೂ ತೊಂದರೆ ತಪ್ಪುತ್ತವೆ.

ಇಲ್ಲಿರುವುದು ಆ ಮೇಜಿನ ಮೂರು ಮುಖ್ಯ ಪೈಗಳು: ಕುಂಬಳ, ಸೇಬು, ಪೆಕಾನ್ (ಅಕ್ರೋಟಿನಂಥ ಒಂದು ಬೀಜ). ಮೂರಕ್ಕೂ ಕಣಕ ಒಂದೇ. ಎಲ್ಲ ಅಳತೆಯೂ 9 ಅಂಗುಲದ ಪೈ ತಟ್ಟೆಗೆ. ಒಂದು ಪೈ ಎಂಟು ಜನಕ್ಕೆ. ಮೂರನ್ನೂ ಇಟ್ಟರೆ ಎಲ್ಲರೂ ಎಲ್ಲದರ ರುಚಿ ನೋಡುತ್ತಾರೆ, ಹಾಗಾಗಿ ತುಂಡು ಚಿಕ್ಕದಿರಲಿ.

ಕಣಕ

ಮೂರು ಪೈಗೆ ಬೇಕಾದದ್ದು: ಆಲ್ ಪರ್ಪಸ್ ಹಿಟ್ಟು 620 ಗ್ರಾಂ, ಉಪ್ಪಿಲ್ಲದ ಬೆಣ್ಣೆ 450 ಗ್ರಾಂ, ಉಪ್ಪು 2 ಟೀ ಚಮಚ, ಸಕ್ಕರೆ 2 ಟೇಬಲ್ ಚಮಚ, ಐಸ್ ಹಾಕಿದ ನೀರು 180ರಿಂದ 240 ಮಿ.ಲೀ. ಅಮೆರಿಕದಲ್ಲಿ ಸಿಗುವ ನಾಲ್ಕು ಸ್ಟಿಕ್‌ಗಳ ಒಂದು ಪೌಂಡ್ ಬೆಣ್ಣೆಯ ಪೊಟ್ಟಣ ಇದಕ್ಕೆ ಸರಿಹೋಗುತ್ತದೆ. ಹಿಟ್ಟನ್ನು ಕಪ್‌ನಲ್ಲಿ ಅಳೆಯಬೇಡಿ, ತೂಗಿ. ಕಪ್ಪನ್ನು ಹಿಟ್ಟಿನೊಳಗೆ ಅದ್ದಿ ತುಂಬಿದರೆ 120 ಗ್ರಾಂ ಬರಬೇಕಾದಲ್ಲಿ ಸುಲಭವಾಗಿ 145 ಗ್ರಾಂ ಬರುತ್ತದೆ, ಕಣಕ ಒಣಗಿ ಬಿರಿಯುತ್ತದೆ.

ಬೆಣ್ಣೆಯನ್ನು ಒಂದು ಸೆಂ.ಮೀ. ತುಂಡು ಮಾಡಿ 15 ನಿಮಿಷ ಫ್ರೀಜರ್‌ನಲ್ಲಿಡಿ. ಹಿಟ್ಟು, ಉಪ್ಪು, ಸಕ್ಕರೆ ಬೆರೆಸಿ, ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಒತ್ತುತ್ತ ಚಪ್ಪಟೆ ಮಾಡಿ. ಬಟಾಣಿ ಗಾತ್ರದ ತುಂಡುಗಳು ಉಳಿದಿರುವಾಗಲೇ ನಿಲ್ಲಿಸಿ. ಬೆಣ್ಣೆ ಪೂರ್ತಿ ಬೆರೆತು ಹಿಟ್ಟು ರವೆಯಂತಾದರೆ ಪದರ ಬರುವುದಿಲ್ಲ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಭಾಗ ನೀರಿರುತ್ತದೆ. ಓವನ್‌ನ ಕಾವಿಗೆ ಆ ನೀರು ಆವಿಯಾಗಿ ಹಿಟ್ಟಿನ ಪದರಗಳನ್ನು ಬಿಡಿಸುತ್ತದೆ. ಕೈಬಿಸಿಗೆ ಬೆಣ್ಣೆ ಮೊದಲೇ ಕರಗಿದರೆ ಹಿಟ್ಟು ಅದನ್ನು ಹೀರಿಕೊಂಡು, ಸಿಪ್ಪೆ (ಪೈಯ ಹೊರಕವಚ, ಕ್ರಸ್ಟ್) ಬಿಸ್ಕತ್ತಿನ ಹಾಗೆ ಗಟ್ಟಿಯಾಗುತ್ತದೆ.

ಮೊದಲು 180 ಮಿ.ಲೀ. ನೀರನ್ನು ಚಿಮುಕಿಸಿ ಬೆರೆಸಿ. ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆ ನಿಂತರೆ ಸಾಕು. ಪುಡಿಯಾಗಿ ಉದುರಿದರೆ ಒಂದೊಂದೇ ಚಮಚ ನೀರು ಸೇರಿಸಿ. ಹೋಳಿಗೆಯ ಕಣಕವನ್ನು ನಾದಿ ನಾದಿ ಎಣ್ಣೆಯಲ್ಲಿ ನೆನೆಹಾಕುವುದು ಅದು ಹಿಗ್ಗಲಿ ಎಂದು. ಇಲ್ಲಿ ಬೇಕಾದದ್ದು ಅದರ ತದ್ವಿರುದ್ಧ. ನಾದಿದಷ್ಟೂ ಹಿಟ್ಟಿಗೆ ಜಿಗುಟು ಬಂದು, ಬೇಯುವಾಗ ಸಿಪ್ಪೆ ತಟ್ಟೆಯ ಅಂಚಿನಿಂದ ಕೆಳಗೆ ಜಾರುತ್ತದೆ. ಒತ್ತಿ ಕೂಡಿಸಿ, ನಾದಬೇಡಿ. ನಾಲ್ಕು ಸಮಭಾಗ ಮಾಡಿ ಚಪ್ಪಟೆ ಬಿಲ್ಲೆಗಳಾಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ: ಕುಂಬಳಕ್ಕೆ ಒಂದು, ಪೆಕಾನ್‌ಗೆ ಒಂದು, ಸೇಬಿಗೆ ಎರಡು. ಫ್ರಿಜ್‌ನಲ್ಲಿ ಕನಿಷ್ಠ ಎರಡು ಗಂಟೆ ಇರಬೇಕು. ಎರಡು ದಿನ ಇದ್ದರೂ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಬಣ್ಣ ಮಾಸುತ್ತದೆ. ಇನ್ನೂ ಮುಂಚೆ ಮಾಡುವವರು ಫ್ರೀಜರ್‌ನಲ್ಲಿಟ್ಟು ಮಂಗಳವಾರ ರಾತ್ರಿ ಫ್ರಿಜ್‌ಗೆ ಇಳಿಸಿ.

ಲಟ್ಟಿಸುವ ಮೊದಲು ಹತ್ತು ನಿಮಿಷ ಹೊರಗಿಡಿ. ನಡುವಿನಿಂದ ಅಂಚಿನ ಕಡೆಗೆ ಲಟ್ಟಿಸುತ್ತ, ಪ್ರತಿ ಬಾರಿ ಕಾಲು ಸುತ್ತು ತಿರುಗಿಸಿ, 12 ಅಂಗುಲ ಅಗಲ, 3 ಮಿ.ಮೀ. ದಪ್ಪಕ್ಕೆ ತನ್ನಿ. ಲಟ್ಟಣಿಗೆಗೆ ಸುತ್ತಿಕೊಂಡು ತಟ್ಟೆಯ ಮೇಲೆ ಬಿಚ್ಚಿ. ಮೂಲೆಗೆ ಇಳಿಸುವಾಗ ಎಳೆಯಬೇಡಿ, ಅಂಚನ್ನು ಎತ್ತಿ ಒಳಗೆ ಬಿಡಿ. ಎಳೆದದ್ದು ಓವನ್‌ನಲ್ಲಿ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಅಂಚನ್ನು ಮಡಿಸಿ, ಬೆರಳಿಂದ ಚಿವುಟಿ, ಮತ್ತೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಅಂಗಡಿಯ ಸಿದ್ಧ ಸಿಪ್ಪೆ ಕೊಳ್ಳುವ ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿಯನ್ನು ಓದಲೇಬೇಕು. ಕೆಲವಕ್ಕೆ ಲಾರ್ಡ್, ಅಂದರೆ ಹಂದಿಕೊಬ್ಬು ಹಾಕಿರುತ್ತಾರೆ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ ಊಟಕ್ಕೆ ಒಯ್ಯುವವರಿಗೂ ಈ ಮಾತು ಅನ್ವಯಿಸುತ್ತದೆ. ಸಸ್ಯಾಹಾರಿ ಅತಿಥಿಗಳು ಪೈ ಎಂದರೆ ಬರೀ ಹಣ್ಣು, ಬೆಣ್ಣೆ ಎಂದೇ ನಂಬಿ ತಿನ್ನುತ್ತಾರೆ.

ಸಿಪ್ಪೆಯನ್ನು ಮೊದಲೇ ಬೇಯಿಸುವುದು

ಕುಂಬಳ ಮತ್ತು ಪೆಕಾನ್ ಹೂರಣಗಳು ನೀರುನೀರಾಗಿರುತ್ತವೆ. ಹಸಿ ಸಿಪ್ಪೆಗೆ ಸುರಿದರೆ ತಳ ಬೇಯದೆ ಹಸಿಹಸಿಯಾಗಿ ಉಳಿಯುತ್ತದೆ. ತಣ್ಣಗಿನ ಸಿಪ್ಪೆಯೊಳಗೆ ಬೇಕಿಂಗ್ ಕಾಗದ ಹಾಸಿ, ಅಂಚಿನವರೆಗೂ ಒಣ ರಾಜ್ಮಾ ಅಥವಾ ಕಡಲೆ ತುಂಬಿ. 400° ಫ್ಯಾರನ್‌ಹೀಟ್‌ನಲ್ಲಿ (200° ಸೆಲ್ಸಿಯಸ್) 20ರಿಂದ 25 ನಿಮಿಷ ಬೇಯಿಸಿ. ಕಾಳು, ಕಾಗದ ತೆಗೆದು ತಳದ ಹಸಿ ಹೊಳಪು ಹೋಗುವವರೆಗೆ ಇನ್ನೂ 6ರಿಂದ 8 ನಿಮಿಷ. ಕಾಳು ಕಡಿಮೆ ಹಾಕುವುದೇ ಇಲ್ಲಿ ಸಾಮಾನ್ಯ ತಪ್ಪು. ಆಸರೆಯಿಲ್ಲದ ಗೋಡೆ ಕುಸಿಯುತ್ತದೆ. ಆ ಕಾಳು ಮುಂದೆ ಸಾರಿಗೆ ಬರುವುದಿಲ್ಲ. ಡಬ್ಬಿಯಲ್ಲಿಟ್ಟರೆ ಇದೇ ಕೆಲಸಕ್ಕೆ ವರ್ಷಗಟ್ಟಲೆ ಬರುತ್ತದೆ.

ಗಾಜಿನ ತಟ್ಟೆ ಬಳಸಿದರೆ ತಳ ಕೆಂಪಾದದ್ದು ಕಣ್ಣಿಗೆ ಕಾಣುತ್ತದೆ. ಆದರೆ ಅದನ್ನು ಫ್ರೀಜರ್‌ನಿಂದ ನೇರವಾಗಿ ಬಿಸಿ ಓವನ್‌ಗೆ ಇಡಬೇಡಿ, ಸಿಡಿಯಬಹುದು. ಲೋಹದ ತಟ್ಟೆಗೆ ಆ ಭಯವಿಲ್ಲ, ತಳವೂ ಬೇಗ ಬೇಯುತ್ತದೆ.

ಕುಂಬಳದ ಪೈ

ಹೂರಣಕ್ಕೆ: ಕುಂಬಳದ ಪ್ಯೂರಿ 425 ಗ್ರಾಂ (15 ಔನ್ಸ್‌ನ ಒಂದು ಕ್ಯಾನ್), ಎವಾಪೊರೇಟೆಡ್ ಹಾಲು 354 ಮಿ.ಲೀ. (12 ಔನ್ಸ್‌ನ ಕ್ಯಾನ್), ಕಂದು ಸಕ್ಕರೆ 150 ಗ್ರಾಂ, ಮೊಟ್ಟೆ 2, ಉಪ್ಪು ಅರ್ಧ ಟೀ ಚಮಚ, ಚಕ್ಕೆ ಪುಡಿ ಒಂದೂವರೆ, ಒಣಶುಂಠಿ ಪುಡಿ ಒಂದು, ಲವಂಗದ ಪುಡಿ ಕಾಲು, ಜಾಯಿಕಾಯಿ ಪುಡಿ ಕಾಲು ಟೀ ಚಮಚ.

ಅಂಗಡಿಯಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದೇ ಸಾಲಿನಲ್ಲಿ ‘ಪಂಪ್‌ಕಿನ್ ಪೈ ಮಿಕ್ಸ್’ ಎಂಬ ಕ್ಯಾನ್ ಕೂಡ ಇರುತ್ತದೆ. ಅದರಲ್ಲಿ ಸಕ್ಕರೆ, ಮಸಾಲೆ ಮೊದಲೇ ಸೇರಿರುತ್ತದೆ. ನಿಮಗೆ ಬೇಕಾದದ್ದು ಬರೀ ಕುಂಬಳ ಇರುವ ಕ್ಯಾನ್. ಹಾಗೆಯೇ ಕಂಡೆನ್ಸ್ಡ್ ಹಾಲು ಬೇರೆ, ಎವಾಪೊರೇಟೆಡ್ ಹಾಲು ಬೇರೆ. ಎರಡನೆಯದರಲ್ಲಿ ಸಕ್ಕರೆ ಇಲ್ಲ.

ಹ್ಯಾಲೋವೀನ್‌ನಲ್ಲಿ ಮುಖ ಕೊರೆಯುವ ದೊಡ್ಡ ಕಿತ್ತಳೆ ಕುಂಬಳ ಪೈಗೆ ಆಗದು, ತಿರುಳು ನಾರು ಮತ್ತು ನೀರು. ಕ್ಯಾನ್‌ಗಳಿಗೆ ಹೋಗುವ ಕುಂಬಳ ಹೆಚ್ಚಾಗಿ ಇಲಿನಾಯ್ ರಾಜ್ಯದಲ್ಲಿ ಬೆಳೆಯುವ ಡಿಕಿನ್ಸನ್ ತಳಿ. ಕಂದು ಸಿಪ್ಪೆಯ ಈ ಕಾಯಿ ಬಟರ್‌ನಟ್ ಕುಂಬಳದ ಜಾತಿಗೇ ಸೇರಿದ್ದು, ನಮ್ಮ ಸಂತೆಗಳಲ್ಲಿ ಹೋಳು ಮಾಡಿ ಮಾರುವ ಸಿಹಿಗುಂಬಳವೂ ಹೆಚ್ಚಾಗಿ ಅದೇ ಜಾತಿ. ಆದ್ದರಿಂದ ಮನೆಯಲ್ಲೇ ಪ್ಯೂರಿ ಮಾಡುವವರು ಬಟರ್‌ನಟ್ ಅಥವಾ ಚಿಕ್ಕ ‘ಪೈ ಪಂಪ್‌ಕಿನ್’ ತನ್ನಿ. ಸೀಳಿ, ಬೀಜ ತೆಗೆದು, ಬೋರಲು ಹಾಕಿ 400°ಯಲ್ಲಿ 45ರಿಂದ 60 ನಿಮಿಷ ಸುಡಿ. ನೀರಲ್ಲಿ ಬೇಯಿಸಬೇಡಿ. ತಿರುಳು ರುಬ್ಬಿ, ತೆಳು ಬಟ್ಟೆಯಲ್ಲಿ ಒಂದು ಗಂಟೆ ಸೋಸಲು ಬಿಡಿ.

ಪ್ಯೂರಿ, ಸಕ್ಕರೆ, ಉಪ್ಪು, ಮಸಾಲೆಗಳನ್ನು ಬಾಣಲೆಯಲ್ಲಿ ಐದು ನಿಮಿಷ ಕೈಯಾಡಿಸಿ. ಕ್ಯಾನ್‌ನ ವಾಸನೆ ಹೋಗುತ್ತದೆ, ಮಸಾಲೆಯ ಘಮ ಬಿಡುತ್ತದೆ, ನೀರೂ ಇಂಗುತ್ತದೆ. ಈ ಹಂತವನ್ನು ಬಿಡಬೇಡಿ, ಸಾಧಾರಣ ಪೈಗೂ ಒಳ್ಳೆಯ ಪೈಗೂ ವ್ಯತ್ಯಾಸ ಬರುವುದು ಇಲ್ಲೇ. ಹಾಲು ಬೆರೆಸಿ, ಸ್ವಲ್ಪ ಆರಿದ ಮೇಲೆ ಮೊಟ್ಟೆ ಸೇರಿಸಿ. ಇನ್ನೂ ಬಿಸಿಯಿರುವ ಸಿಪ್ಪೆಗೆ ಸುರಿದು 350°ಯಲ್ಲಿ (175° ಸೆಲ್ಸಿಯಸ್) 45ರಿಂದ 55 ನಿಮಿಷ ಬೇಯಿಸಿ. ಅಂಚು ಗಟ್ಟಿಯಾಗಿ, ನಡುವಿನ ಎರಡು ಅಂಗುಲ ಮಾತ್ರ ಅಲುಗುತ್ತಿರುವಾಗ ತೆಗೆಯಬೇಕು. ಥರ್ಮಾಮೀಟರ್ ಇದ್ದರೆ ನಡುವೆ 175° ಫ್ಯಾರನ್‌ಹೀಟ್ ತೋರಿಸಬೇಕು. ಉಳಿದ ಕಾವಿಗೆ ಅದು ತಾನೇ ಗಟ್ಟಿಯಾಗುತ್ತದೆ. ನಡುವೆಯೂ ಗಟ್ಟಿಯಾಗಲಿ ಎಂದು ಕಾದರೆ ಮೊಟ್ಟೆ ಬಿಗಿದುಕೊಂಡು, ಆರುವಾಗ ಮೇಲ್ಮೈ ಬಿರಿಯುತ್ತದೆ.

ಮೊಟ್ಟೆ ತಿನ್ನದವರಿಗೆ: ಎರಡು ಮೊಟ್ಟೆಯ ಬದಲು 4 ಟೇಬಲ್ ಚಮಚ ಕಾರ್ನ್ ಸ್ಟಾರ್ಚ್. ನಮ್ಮೂರಿನಲ್ಲಿ ಕಾರ್ನ್ ಫ್ಲೋರ್ ಎಂದು ಮಾರುವ ಬಿಳಿ ಪುಡಿ ಇದೇ. ಅಮೆರಿಕದಲ್ಲಿ ಕಾರ್ನ್ ಫ್ಲೋರ್ ಕೇಳಿದರೆ ಮೆಕ್ಕೆಜೋಳದ ಹಿಟ್ಟು ಕೊಡುತ್ತಾರೆ. ತಣ್ಣನೆಯ ಹಾಲಿನಲ್ಲಿ ಕದಡಿ, ಬಾಣಲೆಯ ಕುಂಬಳಕ್ಕೆ ಸೇರಿಸಿ, ದಪ್ಪಗಾಗಿ ಗುಳ್ಳೆ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ. ಕುದಿಯದಿದ್ದರೆ ಹಿಟ್ಟಿನ ಹಸಿ ರುಚಿ ಉಳಿಯುತ್ತದೆ, ಹೂರಣವೂ ನಿಲ್ಲುವುದಿಲ್ಲ. ಇದಕ್ಕೆ ಸಿಪ್ಪೆಯನ್ನು ಹೊಂಬಣ್ಣ ಬರುವವರೆಗೆ ಪೂರ್ತಿ ಬೇಯಿಸಿಕೊಳ್ಳಿ. ಹೂರಣ ಸುರಿದು ಆರಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಸಾಕು, ಓವನ್ ಮತ್ತೆ ಬೇಡ.

ಬೆಂಗಳೂರಿನಲ್ಲಿ ಮಾಡುವವರು ಎವಾಪೊರೇಟೆಡ್ ಹಾಲು ಹುಡುಕುವುದು ಬೇಡ. ಸುಮಾರು 850 ಮಿ.ಲೀ. ಗಟ್ಟಿ ಹಾಲನ್ನು ಕೈಯಾಡಿಸುತ್ತ 350 ಮಿ.ಲೀ.ಗೆ ಇಳಿಸಿ. ಬೆಣ್ಣೆ ಉಪ್ಪಿನದಾದರೆ ಕಣಕಕ್ಕೆ ಬೇರೆ ಉಪ್ಪು ಹಾಕಬೇಡಿ.

ಸೇಬಿನ ಪೈ

ಸೇಬು 1.2 ಕೆ.ಜಿ. ಅರ್ಧ ಹುಳಿಯ ಗ್ರಾನಿ ಸ್ಮಿತ್, ಅರ್ಧ ಹನಿಕ್ರಿಸ್ಪ್ ಅಥವಾ ಗೋಲ್ಡನ್ ಡಿಲಿಷಸ್ ಇರಲಿ. ರೆಡ್ ಡಿಲಿಷಸ್, ಮ್ಯಾಕಿಂಟಾಶ್ ಬೇಯುವಾಗ ಕರಗಿ ಮುದ್ದೆಯಾಗುತ್ತವೆ. ಸಿಪ್ಪೆ ತೆಗೆದು 6 ಮಿ.ಮೀ. ದಪ್ಪದ ಹೋಳು ಮಾಡಿ, ಸಕ್ಕರೆ 130 ಗ್ರಾಂ, ನಿಂಬೆರಸ ಒಂದು ಟೇಬಲ್ ಚಮಚ, ಚಕ್ಕೆ ಪುಡಿ ಒಂದು ಟೀ ಚಮಚ, ಕಾಲು ಟೀ ಚಮಚ ಉಪ್ಪು ಬೆರೆಸಿ 45 ನಿಮಿಷ ಬಿಡಿ.

ಮೇಲಿನ ಸಿಪ್ಪೆ ಗುಮ್ಮಟದ ಹಾಗೆ ನಿಂತು, ಒಳಗೆ ಸೇಬು ಕುಸಿದು ಟೊಳ್ಳಾಗುವುದು ಈ ಪೈಯ ದೊಡ್ಡ ದೂರು. ಸಿಪ್ಪೆ ಗಟ್ಟಿಯಾದ ಮೇಲೆ ಸೇಬು ನೀರು ಬಿಟ್ಟು ಕುಗ್ಗುವುದೇ ಕಾರಣ. ಸಕ್ಕರೆಯಲ್ಲಿ ಮೊದಲೇ ನೆನೆದ ಸೇಬು ಕುಗ್ಗುವಷ್ಟು ಕುಗ್ಗಿಬಿಟ್ಟಿರುತ್ತದೆ. ಇಳಿದ ರಸವನ್ನು ಸೋಸಿ, ಒಂದು ಚಮಚ ಬೆಣ್ಣೆ ಹಾಕಿ ಅರ್ಧಕ್ಕೆ ಕುದಿಸಿ. ಹೋಳುಗಳಿಗೆ 3 ಟೇಬಲ್ ಚಮಚ ಕಾರ್ನ್ ಸ್ಟಾರ್ಚ್ ಸವರಿ, ಆರಿದ ರಸ ಸೇರಿಸಿ, ಹಸಿ ಸಿಪ್ಪೆಯೊಳಗೆ ಸಂದಿಲ್ಲದಂತೆ ಒತ್ತಿ ತುಂಬಿ. ಮೇಲೆ ಇನ್ನೊಂದು ಹಾಳೆ ಮುಚ್ಚಿ, ಅಂಚು ಸೇರಿಸಿ, ಆವಿ ಹೋಗಲು ಐದಾರು ಸೀಳು ಹಾಕಿ. ಮೊಟ್ಟೆ ಅಥವಾ ಕ್ರೀಮ್ ಸವರಿ, 20 ನಿಮಿಷ ಫ್ರೀಜರ್‌ನಲ್ಲಿಡಿ. ಗಾಜಿನ ತಟ್ಟೆಯಾದರೆ ಫ್ರಿಜ್‌ನಲ್ಲಿ.

ಓವನ್‌ನ ಕೆಳಗಿನ ಜಾಲರಿಯಲ್ಲಿ ಒಂದು ಬೇಕಿಂಗ್ ಶೀಟ್ ಇಟ್ಟು 425°ಗೆ (220° ಸೆಲ್ಸಿಯಸ್) ಕಾಯಿಸಿ. ಪೈಯನ್ನು ಅದರ ಮೇಲೇ ಇಡಿ. ಬಿಸಿ ಲೋಹ ತಳವನ್ನು ಕೂಡಲೇ ಗಟ್ಟಿ ಮಾಡುತ್ತದೆ, ಉಕ್ಕಿದ ರಸವನ್ನೂ ಹಿಡಿಯುತ್ತದೆ. 20 ನಿಮಿಷದ ನಂತರ 375°ಗೆ (190° ಸೆಲ್ಸಿಯಸ್) ಇಳಿಸಿ 40ರಿಂದ 50 ನಿಮಿಷ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಹೊದಿಸಿ, ಆದರೆ ಬೇಗ ತೆಗೆಯಬೇಡಿ. ಸೀಳುಗಳಲ್ಲಿ ರಸ ದಪ್ಪ ಗುಳ್ಳೆಯಾಗಿ ಕುದಿಯುವುದು ಕಂಡರೆ ಮಾತ್ರ ಸ್ಟಾರ್ಚ್ ಬೆಂದಿದೆ ಎಂದರ್ಥ. ನಾಲ್ಕು ಗಂಟೆ ಆರಬೇಕು.

ಪೆಕಾನ್ ಪೈ

ಮೂರರಲ್ಲಿ ಸುಲಭ ಇದೇ. ಪೆಕಾನ್ 200 ಗ್ರಾಂ, ಕಾರ್ನ್ ಸಿರಪ್ 240 ಮಿ.ಲೀ., ಕಂದು ಸಕ್ಕರೆ 150 ಗ್ರಾಂ, ಮೊಟ್ಟೆ 3, ಕರಗಿಸಿದ ಬೆಣ್ಣೆ 60 ಗ್ರಾಂ, ವೆನಿಲ್ಲಾ ಒಂದು, ಉಪ್ಪು ಅರ್ಧ ಟೀ ಚಮಚ. ಒಂದು ಪೆಕಾನ್ ಕಚ್ಚಿ ನೋಡಿಯೇ ಶುರುಮಾಡಿ. ಎಣ್ಣೆ ಹೆಚ್ಚಿರುವ ಬೀಜ, ಹಳೆಯದಾದರೆ ಕನರು ಬರುತ್ತದೆ, ಅಷ್ಟು ಸಕ್ಕರೆಯೂ ಅದನ್ನು ಮುಚ್ಚದು. 350°ಯಲ್ಲಿ ಎಂಟು ನಿಮಿಷ ಹುರಿದು, ಉಳಿದದ್ದನ್ನು ನೊರೆ ಬಾರದಂತೆ ಕಲಸಿ, ಮೊದಲೇ ಬೇಯಿಸಿದ ಸಿಪ್ಪೆಗೆ ಸುರಿದು, ಅದೇ ಕಾವಿನಲ್ಲಿ 50ರಿಂದ 60 ನಿಮಿಷ ಬೇಯಿಸಿ. ನಡುವೆ 200° ಫ್ಯಾರನ್‌ಹೀಟ್ (93° ಸೆಲ್ಸಿಯಸ್) ಬರಬೇಕು. ಅದಕ್ಕೂ ಮೊದಲು ತೆಗೆದರೆ ಗುರುವಾರ ತಟ್ಟೆಯಲ್ಲಿ ಪಾಕ ಹರಿಯುತ್ತದೆ. ಕಾರ್ನ್ ಸಿರಪ್ ಬಿಟ್ಟು ಬರೀ ಸಕ್ಕರೆ ಹಾಕಿದರೆ ಹೂರಣ ಹರಳುಗಟ್ಟಬಹುದು. ಮೊಟ್ಟೆ ಇಲ್ಲದೆ ಇದನ್ನು ಮಾಡಲು ಹಠ ಹಿಡಿಯಬೇಡಿ, ಆ ಮನೆಗಳಿಗೆ ಇನ್ನೊಂದು ಸೇಬಿನ ಪೈ ಉತ್ತಮ.

ಬುಧವಾರ ರಾತ್ರಿ, ಗುರುವಾರ

ಕುಂಬಳ ಮತ್ತು ಪೆಕಾನ್ ಪೈಯಲ್ಲಿ ಮೊಟ್ಟೆಯಿದೆ. ಆರಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇರುತ್ತವೆ. ಬಿಸಿಯಿರುವಾಗಲೇ ಮುಚ್ಚಿಟ್ಟರೆ ಆವಿ ನೀರಾಗಿ ಮೇಲೆ ಬೀಳುತ್ತದೆ, ಸಿಪ್ಪೆಯೂ ಮೆತ್ತಗಾಗುತ್ತದೆ. ಸೇಬಿನ ಪೈ ಎರಡು ದಿನ ಹೊರಗೇ ಇರಬಹುದು. ಊಟ ಶುರುವಾದಾಗ ಓವನ್ ಖಾಲಿಯಾಗಿದ್ದರೆ 350°ಯಲ್ಲಿ 15 ನಿಮಿಷ ಇಡಿ, ಸಿಪ್ಪೆ ಮತ್ತೆ ಗರಿಗರಿಯಾಗುತ್ತದೆ.

ಕುಂಬಳದ ಪೈ ಕತ್ತರಿಸುವಾಗ ಪ್ರತಿ ಸಲ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ. ಅದರ ಜೊತೆಗೆ ಕ್ರೀಮ್ ಬೇಕೇಬೇಕು: 240 ಮಿ.ಲೀ. ತಣ್ಣನೆಯ ಹೆವಿ ಕ್ರೀಮ್‌ಗೆ 2 ಟೇಬಲ್ ಚಮಚ ಸಕ್ಕರೆ ಹಾಕಿ, ಬಡಿಸುವ ಮುಂಚೆ ಕಡೆಯಿರಿ. ಕಡೆಯುವ ಕಡ್ಡಿ ಎತ್ತಿದಾಗ ತುದಿ ಸ್ವಲ್ಪ ಬಾಗಿದರೆ ನಿಲ್ಲಿಸಿ, ಇನ್ನೂ ಮುಂದುವರಿಸಿದರೆ ಬೆಣ್ಣೆ ಬರುತ್ತದೆ. ಉಳಿದ ಪೆಕಾನ್ ಪೈಯನ್ನು ಸುತ್ತಿ ಫ್ರೀಜರ್‌ಗೆ ಹಾಕಬಹುದು. ಕುಂಬಳದ್ದು ಕರಗುವಾಗ ನೀರು ಬಿಡುತ್ತದೆ, ಅದನ್ನು ಭಾನುವಾರದೊಳಗೆ ತಿಂದು ಮುಗಿಸಿ.