ಎಕೋ ಸೌಂಡರ್ ತೋರಿಸುವ ಆಳ: ಎಲ್ಲಿಂದ ಎಲ್ಲಿಗೆ?

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ಮರಳಿನ ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಅಲ್ಲಿ ದೋಣಿ ನಡೆಸುವ ತಾಂಡೇಲರ ಮುಂದೆ, ಪ್ರತಿಧ್ವನಿಯಿಂದ ನೀರಿನ ಆಳ ಅಳೆಯುವ ಎಕೋ ಸೌಂಡರ್ ಯಂತ್ರ 3.0 ಎಂದು ತೋರಿಸಿದರೆ, ಅದು ಯಾವ ಅಳತೆ ಎಂಬುದನ್ನು ಮೊದಲು ತಿಳಿದಿರಬೇಕು. 3 ಅಡಿ ಎಂದರೆ ಒಂದು ಮೀಟರೂ ಇಲ್ಲ. 3 ಮಾರು ಎಂದರೆ ಸುಮಾರು ಐದೂವರೆ ಮೀಟರ್. ಹಿರಿಯರು ಮಾರಿನಲ್ಲಿ, ಕಿರಿಯರು ಮೀಟರಿನಲ್ಲಿ ಮಾತನಾಡುವ ದೋಣಿಯಲ್ಲಿ ಈ ಗೊಂದಲ ಸುಲಭವಾಗಿ ಹುಟ್ಟುತ್ತದೆ; ಆದ್ದರಿಂದ ಒಂದೇ ಅಳತೆಯನ್ನು ನಿಗದಿ ಮಾಡಿಕೊಳ್ಳುವುದು ಒಳ್ಳೆಯದು.

ಯಂತ್ರವು ಆಳವನ್ನು ಅಳೆಯುವುದು ದೋಣಿಯ ತಳದಲ್ಲಿ ಕೂರಿಸಿದ, ಶಬ್ದ ಕಳುಹಿಸಿ ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರಿನ ಮುಖದಿಂದ. ಅದು ಕಳುಹಿಸಿದ ಶಬ್ದ ತಳಕ್ಕೆ ಬಡಿದು ಮರಳಲು ಹಿಡಿದ ಸಮಯವನ್ನು, ನೀರಿನಲ್ಲಿ ಶಬ್ದದ ವೇಗವಾದ ಸೆಕೆಂಡಿಗೆ ಸುಮಾರು 1,500 ಮೀಟರಿನಿಂದ ಗುಣಿಸಿ, ಅರ್ಧ ಮಾಡಿದರೆ ಆಳ ಸಿಗುತ್ತದೆ. ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟದಿಂದ 1 ಮೀಟರ್ ಕೆಳಗಿದ್ದು, ದೋಣಿಯ ಅಡಿಭಾಗ 1.5 ಮೀಟರ್ ಕೆಳಗಿದೆ ಎಂದುಕೊಳ್ಳೋಣ. ಪರದೆಯ 3.0 ಮೀಟರಿಗೆ 1 ಕೂಡಿಸಿದರೆ ನೀರಿನ ನಿಜವಾದ ಆಳ 4 ಮೀಟರ್, ಅದೇ 3.0ರಿಂದ 0.5 ಕಳೆದರೆ ದೋಣಿಯ ಅಡಿಯಲ್ಲಿ ಉಳಿದ ನೀರು ಎರಡೂವರೆ ಮೀಟರ್. ಡ್ರಾಫ್ಟ್ ಅಥವಾ ಕೀಲ್ ಆಫ್‌ಸೆಟ್ ಎಂಬ ಸೆಟ್ಟಿಂಗ್ ಈ ಕೂಡುವ, ಕಳೆಯುವ ಕೆಲಸವನ್ನು ತಾನೇ ಮಾಡುತ್ತದೆ. ಇದನ್ನು ಬದಲಿಸಿದ ದಿನ, ದಕ್ಕೆಯಲ್ಲಿ ದೋಣಿ ಕಟ್ಟಿರುವಾಗಲೇ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ, ಅಂಕಿಯನ್ನು ತಾಳೆ ನೋಡಬೇಕು.

ಪರದೆಯ ಚಿತ್ರವನ್ನು ದೋಣಿಯ ಮುಂದಿರುವ ಕಡಲಿನ ನೋಟವೆಂದು ಭಾವಿಸುವವರಿದ್ದಾರೆ. ಬಲ ಅಂಚಿನ ಒಂದು ಗೆರೆ ಮಾತ್ರ ಈ ಕ್ಷಣದ್ದು. ಎಡಕ್ಕಿರುವುದೆಲ್ಲ ಆಗಲೇ ಕಳೆದದ್ದು. ದೋಣಿ ನಿಂತಿದ್ದರೂ ಚಿತ್ರ ಎಡಕ್ಕೆ ಸರಿಯುತ್ತಲೇ ಇರುತ್ತದೆ. ಆದ್ದರಿಂದ ಉದ್ದವಾದ ಗುರುತು ದೊಡ್ಡ ಮೀನನ್ನೇ ಸೂಚಿಸಬೇಕೆಂದಿಲ್ಲ. ಸಣ್ಣ ಮೀನೊಂದು ದೋಣಿಯ ಅಡಿಯಲ್ಲಿ ಬಹಳ ಹೊತ್ತು ಇದ್ದರೂ ಹಾಗೆಯೇ ಕಾಣುತ್ತದೆ.

ಸಾಮಾನ್ಯವಾಗಿ 50 ಮತ್ತು 200 ಕಿಲೋಹರ್ಟ್ಸ್ ಎಂಬ ಎರಡು ಆವರ್ತನಗಳ, ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದರ, ಆಯ್ಕೆ ಇರುತ್ತದೆ. 50ರ ಶಬ್ದ ಆಳಕ್ಕೆ ಹೋಗುತ್ತದೆ, ಅಗಲವಾಗಿ ಹರಡುತ್ತದೆ. 200ರದ್ದು ಕಿರಿದಾಗಿದ್ದು ವಿವರಗಳನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಶಬ್ದದ ಶಂಕು 45 ಡಿಗ್ರಿ ಇದ್ದರೆ 30 ಮೀಟರ್ ಆಳದಲ್ಲಿ ಸುಮಾರು 25 ಮೀಟರ್ ಅಗಲದ ತಳವನ್ನು, 11 ಡಿಗ್ರಿ ಇದ್ದರೆ 6 ಮೀಟರಿಗೂ ಕಡಿಮೆ ಅಗಲವನ್ನು ಅದು ಆವರಿಸುತ್ತದೆ. ಅಳಿವೆಯ ಕಡಿಮೆ ನೀರಿಗೆ 200 ನನ್ನ ಆಯ್ಕೆ.

ಹೆಚ್ಚು ಗಮನ ಬೇಕಾದದ್ದು ಗೇನ್ ಎಂಬ ಸೆಟ್ಟಿಂಗ್‌ಗೆ. ಇದು ಮರಳಿ ಬಂದ ಪ್ರತಿಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂದು ನಿರ್ಧರಿಸುತ್ತದೆ. ಪರದೆಯ ತುಂಬ ಸಣ್ಣ ಚುಕ್ಕೆಗಳು ಉದುರಿದಂತೆ ಕಾಣುವವರೆಗೆ ಏರಿಸಿ, ಅವು ಮಾಯವಾಗುವಷ್ಟು ಮಾತ್ರ ಇಳಿಸಿದರೆ ಸಾಕು. ಅತಿಯಾಗಿ ಇಳಿಸಿದರೆ ಮೀನಿನ ಗುಂಪೇ ಅಳಿಸಿಹೋಗುತ್ತದೆ. ಗೇನ್ ಏರಿದಾಗ ತಳದ ಎರಡರಷ್ಟು ಆಳದಲ್ಲಿ ಇನ್ನೊಂದು ತಳ ಕಾಣಿಸುವುದುಂಟು: ಶಬ್ದವು ತಳಕ್ಕೆ ಬಡಿದು, ನೀರಿನ ಮೇಲ್ಮೈಯಿಂದ ಪುಟಿದು, ಮತ್ತೊಮ್ಮೆ ತಳ ಮುಟ್ಟಿ ಬಂದದ್ದರ ಗುರುತದು. ಗಟ್ಟಿ ತಳವಿದ್ದಲ್ಲಿ ಈ ಎರಡನೆಯ ಗೆರೆ ಸ್ಪಷ್ಟವಾಗಿರುತ್ತದೆ, ಕೆಸರಿನ ಮೇಲೆ ಮಂಕಾಗುತ್ತದೆ. ಬಂಡೆಗೆ ಸಿಕ್ಕಿ ಬಲೆ ಹರಿಯಬಾರದೆನ್ನುವವರಿಗೆ ಇದು ಬಹಳ ಉಪಯುಕ್ತ ಸುಳಿವು. ಆದರೆ ಗೇನನ್ನು ಬದಲಿಸದೆ ಎರಡು ಜಾಗಗಳನ್ನು ಹೋಲಿಸಿದಾಗ ಮಾತ್ರ ಇದನ್ನು ನಂಬಬಹುದು.

ರೇಂಜ್ ಎಂದರೆ ಪರದೆ ಎಷ್ಟು ಆಳದವರೆಗೆ ತೋರಿಸಬೇಕೆಂಬ ಮಿತಿ, ಶಿಫ್ಟ್ ಎಂದರೆ ಎಲ್ಲಿಂದ ಆರಂಭಿಸಬೇಕೆಂಬ ಗುರುತು. ಇತರ ದೋಣಿಗಳ ಸೌಂಡರುಗಳಿಂದ ಬರುವ ಓರೆ ಗೆರೆಗಳನ್ನು ಇಂಟರ್‌ಫಿಯರೆನ್ಸ್ ಎಂಬ ಆಯ್ಕೆ ತಗ್ಗಿಸುತ್ತದೆ.

ವೇಗ ಹೆಚ್ಚಿಸಿದಾಗಲೆಲ್ಲ ತಳದ ಗೆರೆ ಕಡಿದುಹೋದರೆ ಸೆಟ್ಟಿಂಗನ್ನು ದೂರುವ ಮೊದಲು ಟ್ರಾನ್ಸ್‌ಡ್ಯೂಸರಿನ ಮುಖವನ್ನು ನೋಡಬೇಕು, ಏಕೆಂದರೆ ಅದರ ಮೇಲೆ ಹರಿಯುವ ಗಾಳಿಗುಳ್ಳೆಗಳು ಶಬ್ದವನ್ನು ತಡೆಯುತ್ತವೆ. ಮಳೆಗಾಲದ ರಜೆಯಲ್ಲಿ ದೋಣಿಯನ್ನು ದಡಕ್ಕೆ ಎಳೆದಾಗ, ಅಂಟಿಕೊಂಡ ಚಿಪ್ಪುಗಳನ್ನು ಕಬ್ಬಿಣದಿಂದ ಕೆರೆಯದೆ, ಮರದ ತುಂಡಿನಿಂದ ನಿಧಾನವಾಗಿ ಬಿಡಿಸಿ, ಆ ಮುಖಕ್ಕೆ ದಪ್ಪನೆಯ ಬಣ್ಣ ಬಳಿಯದಂತೆ ಕೆಲಸದವರಿಗೆ ಮೊದಲೇ ಹೇಳಿಡಿ.