ಊರಿನ ಹಳೆಯ ಹೆಸರು ಹಿಡಿದು ಹುಡುಕಿ: ಸಂಶೋಧನೆಗೆ ಖರ್ಚಿಲ್ಲದ ಆಕರಗಳು

ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿಯ ಬಗ್ಗೆ ಕಿರುಪ್ರಬಂಧ ಬರೆಯಲು ಹೊರಟಿದ್ದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಕಳೆದ ಮಳೆಗಾಲದಲ್ಲಿ ಉಡುಪಿಯ ನಮ್ಮ ಮನೆಗೆ ಬಂದಿದ್ದಳು. ‘ಸರ್, ನೆಟ್‌ನಲ್ಲಿ ಏನೂ ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ದುಡ್ಡು ಕೇಳುತ್ತಾರೆ’ ಎಂದಳು. ಮೊಬೈಲ್ ತೆಗೆದುಕೊಂಡು ನೋಡಿದೆ. ಪ್ರತಿ ಸಲವೂ ‘ಉಡುಪಿ ಜಿಲ್ಲೆ’ ಎಂದು ಸೇರಿಸಿಯೇ ಹುಡುಕಿದ್ದಳು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಅವಳಿಗೆ ಬೇಕಾಗಿದ್ದ ದಾಖಲೆಗಳು ಅದಕ್ಕಿಂತ ನೂರು ವರ್ಷ ಹಳೆಯವು.

ಆದ್ದರಿಂದ ಮೊದಲ ಹೆಜ್ಜೆ ಕಾಗದದ ಮೇಲೆ ಇಡಬೇಕಾದದ್ದು. ನಿಮ್ಮ ಊರಿಗೆ, ನಿಮ್ಮ ವಿಷಯಕ್ಕೆ ಯಾವ ಯಾವ ಹೆಸರುಗಳಿದ್ದವು ಎಂದು ಪಟ್ಟಿ ಮಾಡಿ. 1956ರವರೆಗೆ ನಮ್ಮ ಕರಾವಳಿ, ಕಾಸರಗೋಡೂ ಸೇರಿ, ಮದ್ರಾಸಿನ ಆಡಳಿತದಲ್ಲಿತ್ತು. ಜಿಲ್ಲೆಯ ಹೆಸರು ಸೌತ್ ಕೆನರಾ. ಇಂಗ್ಲಿಷಿನಲ್ಲಿ ಕೆನರಾವನ್ನು ‘ಸಿ’ಯಿಂದಲೂ ಬರೆದಿದ್ದಾರೆ, ‘ಕೆ’ಯಿಂದಲೂ ಬರೆದಿದ್ದಾರೆ, ಎರಡರಲ್ಲೂ ಹುಡುಕಿ. ಮಂಗಳೂರನ್ನು ಮ್ಯಾಂಗಲೋರ್ ಎಂದೂ ಉಡುಪಿಯನ್ನು ಉಡಿಪಿ ಎಂದೂ ಹಾಕಿ ನೋಡಿ. ಅಳಿಯಸಂತಾನ ಎಂಬ ಪದವನ್ನು ಒಂದಾಗಿಯೂ ಬಿಡಿಸಿಯೂ ಬರೆಯಿರಿ.

ವಿಷಯದ ಹೆಸರು ಇನ್ನೂ ಮೋಸ ಮಾಡುತ್ತದೆ. ಭೂತಾರಾಧನೆಯ ಬಗ್ಗೆ ಬರ್ನೆಲ್ ಎಂಬ ಅಧಿಕಾರಿ ಬಿಟ್ಟುಹೋದ ಕಾಗದಪತ್ರಗಳು 1894ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚಾದವು. ಶೀರ್ಷಿಕೆಯಲ್ಲಿರುವುದು ‘ಡೆವಿಲ್ ವರ್ಶಿಪ್’ ಎಂಬ ಮಾತು. ದೈವವನ್ನು ನಂಬಿದ ಮನೆಯಲ್ಲಿ ಬೆಳೆದ ನನಗೆ ಆ ಹೆಸರು ಇಂದಿಗೂ ಚುಚ್ಚುತ್ತದೆ. ಆದರೆ ಪಾಡ್ದನಗಳ, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳ, ಇಂಗ್ಲಿಷ್ ಅನುವಾದಗಳು ಅದರೊಳಗೇ ಇವೆ, ಆ ಪದ ಹಾಕದೆ ಅಲ್ಲಿಗೆ ತಲುಪುವುದು ಕಷ್ಟ.

ಪಟ್ಟಿ ಸಿದ್ಧವಾದ ಮೇಲೆ ಶೋಧಗಂಗಾ ಜಾಲತಾಣಕ್ಕೆ ಹೋಗಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದವೂ ಇವೆ. ಪ್ರಬಂಧದ ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿರುತ್ತವೆ. ಹೊಸಬರು ಮೊದಲ ಅಧ್ಯಾಯ ತೆರೆಯುತ್ತಾರೆ; ನೀವು ಕೊನೆಯಲ್ಲಿರುವ ಗ್ರಂಥಸೂಚಿಯನ್ನು ತೆರೆಯಿರಿ. ನಿಮ್ಮ ವಿಷಯದಲ್ಲಿ ಈ ಹಿಂದೆ ಯಾರು ಏನು ಬರೆದಿದ್ದಾರೆ ಎಂಬುದನ್ನು ಇನ್ನೊಬ್ಬರು ವರ್ಷಗಟ್ಟಲೆ ಕೂತು ಪಟ್ಟಿ ಮಾಡಿಟ್ಟಿದ್ದಾರೆ. ಆ ವಿದ್ಯಾರ್ಥಿನಿಯ ಮುಂದಿನ ಎರಡು ತಿಂಗಳ ಓದು ಅಂಥ ಒಂದೇ ಕಡತದಿಂದ ಹೊರಟಿತು.

ಆ ಪಟ್ಟಿಯಲ್ಲಿರುವ ಹಳೆಯ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲ ಗ್ರಂಥಾಲಯದಲ್ಲಿ ಹುಡುಕಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ 1800-01ರಲ್ಲಿ ಈ ಸೀಮೆಯಲ್ಲಿ ತಿರುಗಾಡಿ ಬರೆದು 1807ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳು, ಬ್ರಿಟಿಷ್ ಅಧಿಕಾರಿ ಸ್ಟರಕ್‌ನ 1894ರ ಸೌತ್ ಕೆನರಾ ಮ್ಯಾನ್ಯುಯಲ್, ಎರಡೂ ಅಲ್ಲಿ ಸಿಗುತ್ತವೆ. ಹುಡುಕುವ ಪೆಟ್ಟಿಗೆಯ ಕೆಳಗೆ ಪುಸ್ತಕದ ಒಳಗಿನ ಪಠ್ಯವನ್ನೇ ಜಾಲಾಡುವ ಆಯ್ಕೆ ಇದೆ, ಅದನ್ನು ಒತ್ತಿ. ಕನ್ನಡ ಪುಸ್ತಕಗಳ ವಿಷಯದಲ್ಲಿ ತಾಳ್ಮೆ ಬೇಕು: ಅನೇಕ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮನಸ್ಸಿಗೆ ಬಂದಂತೆ ಬರೆದಿದ್ದಾರೆ.

ನಿಯತಕಾಲಿಕಗಳ ಲೇಖನಗಳಿಗೆ ಗೂಗಲ್ ಸ್ಕಾಲರ್ ಸಾಕು. ಲೇಖನಕ್ಕೆ ಹಣ ಕೇಳಿದರೆ ಕೂಡಲೇ ಕೈಬಿಡಬೇಡಿ. ಅದೇ ಲೇಖನದ ಎಲ್ಲ ಆವೃತ್ತಿಗಳನ್ನು ತೋರಿಸುವ ಕೊಂಡಿ ಕೆಳಗಿರುತ್ತದೆ. ಲೇಖಕರು ತಮ್ಮ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತ ಪ್ರತಿ ಇಟ್ಟಿರಬಹುದು. ವಿದ್ವತ್ ಪತ್ರಿಕೆಗಳ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಖಾತೆ ತೆರೆದರೆ ತಿಂಗಳಿಗೆ 100 ಲೇಖನಗಳನ್ನು ಪರದೆಯ ಮೇಲೆ ಓದಬಹುದು. ಸರ್ಕಾರಿ ಕಾಲೇಜಿನವರು, ಸರ್ಕಾರಿ ಸಂಸ್ಥೆಗಳಿಗೆ ವಿದ್ವತ್ ಪತ್ರಿಕೆಗಳನ್ನು ಒದಗಿಸುವ ಕೇಂದ್ರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯ ಬಗ್ಗೆ ನಿಮ್ಮ ಗ್ರಂಥಪಾಲಕರನ್ನು ಕೇಳಿ. ಏನೂ ಆಗದಿದ್ದರೆ ಲೇಖಕರಿಗೇ ವಿನಯದಿಂದ ಎರಡು ಸಾಲು ಮಿಂಚಂಚೆ ಬರೆಯಿರಿ. ನಾನು ಕೇಳಿದಾಗ ಕೊಟ್ಟವರೇ ಹೆಚ್ಚು.

ಇನ್ನು, ಸಮಾಜವಿಜ್ಞಾನದ ವಿದ್ಯಾರ್ಥಿಗಳು ಮರೆತೇಬಿಡುವ ಗಣಿಯೊಂದಿದೆ: ನ್ಯಾಯಾಲಯದ ತೀರ್ಪುಗಳು. ಇಂಡಿಯನ್ ಕಾನೂನ್ ತಾಣದಲ್ಲಿ ಅವನ್ನು ಖರ್ಚಿಲ್ಲದೆ ಓದಬಹುದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಹೆಸರು ಹಾಕಿದೆವು. ಪರದೆಯ ಮೇಲೆ ಒಂದೊಂದಾಗಿ ಕುಟುಂಬಗಳು ತೆರೆದುಕೊಂಡವು. ಯಜಮಾನ ಯಾರು, ಯಾವ ಕವರಿಗೆ (ಕುಟುಂಬದ ಕವಲಿಗೆ) ಎಷ್ಟು ಪಾಲು, ತಾಯಿಯ ಮನೆಯಲ್ಲಿ ಯಾರಿಗೆ ಜೀವನಾಂಶ ಎಂಬ ತಕರಾರುಗಳು. ಓದುತ್ತಿದ್ದ ಹುಡುಗಿ ತಲೆಯೆತ್ತಿ, ‘ಇದು ನಮ್ಮ ಅಜ್ಜಿ ಹೇಳುತ್ತಿದ್ದ ಮಾತು, ಸರ್’ ಎಂದಳು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಮುಗಿಯುವ ಪದ್ಧತಿ ಜನರ ಬದುಕಿನಲ್ಲಿ ಹೇಗಿತ್ತೆಂದು ತಿಳಿಯಲು ಇಷ್ಟು ಹತ್ತಿರದ ಆಕರ ನನಗೆ ಬೇರೆ ಗೊತ್ತಿಲ್ಲ. ಆದರೆ ತೀರ್ಪಿನಲ್ಲಿ ಕಾಣುವುದು ಜಗಳವಾಡಿದ ಮನೆಗಳು ಮಾತ್ರ. ಹೊಂದಿಕೊಂಡು ಬಾಳಿದ ಮನೆಗಳು ಅಲ್ಲಿಲ್ಲ. ಬರೆಯುವಾಗ ಅದನ್ನು ನೆನಪಿಡಿ.

ತುಳು ಪದಗಳ ಮೂಲಕ್ಕೆ ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿರುವ ದ್ರಾವಿಡ ವ್ಯುತ್ಪತ್ತಿ ನಿಘಂಟು, ಹಳೆಯ ಚಿತ್ರಗಳಿಗೆ ಬಾಸೆಲ್ ಮಿಶನ್ ಪತ್ರಾಗಾರದ ತಾಣ, ಸರ್ಕಾರಿ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ತಾಣ, ಇವನ್ನೂ ನೋಡಿ.

ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡು ರಾಶಿ ಹಾಕಬೇಡಿ. ಪ್ರತಿಯೊಂದಕ್ಕೂ ಲೇಖಕ, ವರ್ಷ, ಪುಟ, ಕೊಂಡಿ, ನೋಡಿದ ದಿನಾಂಕ, ಇಷ್ಟನ್ನು ಅಂದೇ ಬರೆದಿಡಿ. ಪುಟಸಂಖ್ಯೆ ಬಹಳ ಮುಖ್ಯ, ಏಕೆಂದರೆ ಸ್ಕ್ಯಾನ್ ಪ್ರತಿಗಳಲ್ಲಿ ಹಾಳೆಗಳು ತಪ್ಪಿರುತ್ತವೆ, ಮಸುಕಾಗಿರುತ್ತವೆ. ಹಾಗೆ ತಪ್ಪಿದ ಪುಟಗಳ ಚೀಟಿ ಹಿಡಿದು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೋ ಉಡುಪಿ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲೋ ವಿಚಾರಿಸಿ. ಅವಳ ಚೀಟಿಯಲ್ಲಿ ಹನ್ನೊಂದು ಪುಟಗಳಿದ್ದವು.